ಓದುಗರ ಪ್ರಶ್ನೋತ್ತರ: ಹಳೆಯ ಲ್ಯಾಪ್‌ಟಾಪ್‌ಗೆ ಹಳೆಯ ಒಡೆಯ ಇನ್ನೂ ಇದ್ದರೆ?

ಪ್ರಶ್ನೆ: ಮಗಳು ಈ ವರ್ಷ ಪದವಿ ತರಗತಿಗೆ ಸೇರಿದ್ದಾಳೆ. ಹೊಸ ಲ್ಯಾಪ್‌ಟಾಪ್ ಕೊಳ್ಳುವ ಅನುಕೂಲ ಸದ್ಯಕ್ಕಿಲ್ಲ. ಕಚೇರಿಯಲ್ಲಿ ಬಳಸಿದ್ದೆಂದು ಹೇಳಿ ಒಬ್ಬರು ಆನ್‌ಲೈನ್‌ನಲ್ಲಿ ಒಂದನ್ನು ಮಾರಾಟಕ್ಕಿಟ್ಟಿದ್ದಾರೆ. ಚಿತ್ರದಲ್ಲಿ ಹೊಸದರಂತೆಯೇ ಕಾಣುತ್ತದೆ, ಬೆಲೆಯೂ ಕಡಿಮೆ. ಪೂರ್ತಿ ಹಣ ಮೊದಲೇ ಕಳುಹಿಸಿದರೆ ಕೊರಿಯರ್ ಮಾಡುತ್ತೇನೆ ಎನ್ನುತ್ತಾರೆ. ಕೊಳ್ಳಬಹುದೇ?

ಉತ್ತರ: ಹಣವನ್ನು ಮೊದಲೇ ಕಳುಹಿಸಬೇಡಿ. ಎದುರಿಗೆ ನೋಡಿ ಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಅದು ಆಗದಿದ್ದರೆ, ಸರಕು ಕೈಸೇರಿ ನೀವು ಒಪ್ಪುವವರೆಗೆ ಹಣವನ್ನು ತಡೆದಿಟ್ಟುಕೊಳ್ಳುವ ಅಥವಾ ವಾಪಸಾತಿಗೆ ಅವಕಾಶವಿರುವ ಮಾರಾಟ ತಾಣದ ಮೂಲಕವೇ ವ್ಯವಹರಿಸಿ. ತಾಣದ ಹೊರಗೆ ನೇರವಾಗಿ ಹಣ ಹಾಕಿದರೆ ಸ್ವಲ್ಪ ಕಡಿಮೆ ಮಾಡಿಕೊಡುತ್ತೇನೆ ಎಂದು ಮಾರುವವರು ಹೇಳಿದರೆ, ಆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿ.

ಹಳೆಯ ಲ್ಯಾಪ್‌ಟಾಪ್ ಎಂದೊಡನೆ ಎಲ್ಲರೂ ಕೇಳುವುದು ಬ್ಯಾಟರಿ, ಪರದೆ, ಕೀಬೋರ್ಡ್‌ಗಳ ಬಗ್ಗೆ. ಅವು ಸವೆಯುವ ಭಾಗಗಳು. ಖರ್ಚು ಮಾಡಿದರೆ ಬದಲಾಯಿಸಬಹುದು. ಖರ್ಚು ಮಾಡಿದರೂ ಸರಿಹೋಗದ ತೊಂದರೆ ಬೇರೊಂದಿದೆ: ದುಡ್ಡು ಕೊಟ್ಟು ಮನೆಗೆ ತಂದ ಮೇಲೂ ಆ ಯಂತ್ರ ದಾಖಲೆಯಲ್ಲಿ ಬೇರೆಯವರ ಸ್ವತ್ತಾಗಿಯೇ ಉಳಿದಿರುವುದು. ಕಚೇರಿಯಲ್ಲಿ ಬಳಸಿದ್ದು ಎಂದು ನೀವು ಬರೆದಿರುವುದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಅನೇಕ ಸಂಸ್ಥೆಗಳು ತಮ್ಮ ವಿಂಡೋಸ್ ಯಂತ್ರಗಳನ್ನು, ಅವನ್ನು ದೂರದಿಂದಲೇ ಸಿದ್ಧಪಡಿಸಿ ಉದ್ಯೋಗಿಗಳಿಗೆ ಕೊಡಲು ನೆರವಾಗುವ ಆಟೋಪೈಲಟ್ ಎಂಬ ವ್ಯವಸ್ಥೆಯಲ್ಲಿ ನೋಂದಾಯಿಸಿರುತ್ತವೆ. ನೋಂದಣಿ ಇರುವುದು ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿ, ಯಂತ್ರದ ಹಾರ್ಡ್‌ವೇರ್ ಗುರುತಿನ ಜೊತೆಗೆ. ಆದ್ದರಿಂದ ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿದರೂ ಅದು ಹೋಗುವುದಿಲ್ಲ. ಇಂಟರ್‌ನೆಟ್ ಸಂಪರ್ಕ ಕೊಡದೆ ವಿಂಡೋಸ್ ಹಾಕಿ ಮಾರಿದ ಯಂತ್ರ ತಿಂಗಳುಗಟ್ಟಲೆ ಯಾವ ತಕರಾರೂ ಇಲ್ಲದೆ ನಡೆಯಬಹುದು. ಮುಂದೊಂದು ದಿನ ನೀವು ಅದನ್ನು ರೀಸೆಟ್ ಮಾಡಿ, ವೈಫೈ ಪಾಸ್‌ವರ್ಡ್ ಕೊಟ್ಟೊಡನೆ ಪರದೆಯ ಮೇಲೆ ಯಾವುದೋ ಸಂಸ್ಥೆಯ ಹೆಸರು ಮೂಡಿ, ಅಲ್ಲಿನ ಉದ್ಯೋಗಿಯ ಇಮೇಲ್ ವಿಳಾಸ ಕೇಳುತ್ತದೆ. ನೋಂದಣಿಯನ್ನು ಸರಿಯಾದ ದಾರಿಯಲ್ಲಿ ತೆಗೆಸಬೇಕಾದರೆ ಆ ಸಂಸ್ಥೆಯನ್ನೇ ಸಂಪರ್ಕಿಸಬೇಕಾಗುತ್ತದೆ. ಆಪಲ್‌ನ ಮ್ಯಾಕ್‌ಬುಕ್‌ಗಳಲ್ಲಿ, ಅಂದರೆ ಟಿ2 ಚಿಪ್ ಇರುವ ಅಥವಾ ಎಂ1 ಹಾಗೂ ಅದರ ನಂತರದ ಚಿಪ್‌ಗಳಿರುವ ಮಾದರಿಗಳಲ್ಲಿ, ಹಿಂದಿನವರು ತಮ್ಮ ಖಾತೆಯನ್ನು ತೆಗೆಯದಿದ್ದರೆ ಆಕ್ಟಿವೇಶನ್ ಲಾಕ್ ಎಂಬ ಬೀಗ ಇದೇ ರೀತಿ ಅಡ್ಡ ನಿಲ್ಲುತ್ತದೆ. ಬಯೋಸ್‌ಗೆ, ಅಂದರೆ ವಿಂಡೋಸ್‌ಗಿಂತ ಮೊದಲು ಶುರುವಾಗುವ ಯಂತ್ರದ ಮೂಲ ತಂತ್ರಾಂಶಕ್ಕೆ, ಹಾಕಿದ ಪಾಸ್‌ವರ್ಡ್ ಇನ್ನೊಂದು ತೊಡಕು. ಮದರ್‌ಬೋರ್ಡಿನ ಚಿಕ್ಕ ಬ್ಯಾಟರಿ ತೆಗೆದು ಹಾಕಿದರೆ ಅದು ಅಳಿಸಿಹೋಗುತ್ತದೆಂಬ ನಂಬಿಕೆ ಕಚೇರಿ ಬಳಕೆಯ ಅನೇಕ ಮಾದರಿಗಳ ವಿಷಯದಲ್ಲಿ ಸುಳ್ಳು.

ಹಾಗಾಗಿ ಮಾರುವವರನ್ನು ವೀಡಿಯೋ ಕರೆಗೆ ಬರಹೇಳಿ. ಯಂತ್ರವನ್ನು ನಿಮ್ಮ ಕಣ್ಣೆದುರಿಗೇ ರೀಸೆಟ್ ಮಾಡಿ, ವೈಫೈಗೆ ಜೋಡಿಸಿ, ಹೊಸ ಖಾತೆ ತೆರೆಯುವ ಪರದೆಯವರೆಗೆ ತೋರಿಸಲಿ. ಇದಕ್ಕೆ ಒಂದು ಗಂಟೆ ಹಿಡಿದರೂ ಕಾಯಿರಿ. ‘ಈಗ ಚೆನ್ನಾಗಿಯೇ ನಡೆಯುತ್ತಿದೆಯಲ್ಲ’ ಎಂಬ ಮಾತು ಈ ವಿಷಯದಲ್ಲಿ ಯಾವ ಪುರಾವೆಯೂ ಅಲ್ಲ. ನಂತರ ಬಯೋಸ್ ತೆರೆದು ಅಲ್ಲಿರುವ ಸೀರಿಯಲ್ ನಂಬರನ್ನು ತಳದಲ್ಲಿ ಅಚ್ಚಾಗಿರುವ ನಂಬರಿನೊಂದಿಗೆ ತಾಳೆ ನೋಡಿ. ಅವೆರಡೂ ಬೇರೆಯಾಗಿದ್ದರೆ ಮದರ್‌ಬೋರ್ಡನ್ನೋ ತಳದ ಕವಚವನ್ನೋ ಬದಲಾಯಿಸಿರುವ ಸಾಧ್ಯತೆ ಹೆಚ್ಚು, ಕಾರಣ ಕೇಳಲೇಬೇಕು. ಮೂಲ ಖರೀದಿಯ ಬಿಲ್ಲನ್ನೋ ಸಂಸ್ಥೆ ವಿಲೇವಾರಿ ಮಾಡಿದ್ದಕ್ಕೆ ಪತ್ರವನ್ನೋ ಕೇಳಿ. ಕದ್ದ ಮಾಲು ಎಂದು ಮುಂದೆ ತಿಳಿದುಬಂದರೆ ಯಂತ್ರವೂ ಹಣವೂ ಎರಡೂ ನಿಮ್ಮ ಕೈತಪ್ಪಬಹುದು.

ಇನ್ನು ಬ್ಯಾಟರಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ powercfg /batteryreport ಎಂಬ ಆದೇಶ ಕೊಟ್ಟು ಬ್ಯಾಟರಿ ರಿಪೋರ್ಟ್ ತೆಗೆಯಬಹುದು. ಅದರಲ್ಲಿ ಡಿಸೈನ್ ಕೆಪಾಸಿಟಿ 50,000 ಎಂದಿದ್ದು ಫುಲ್ ಚಾರ್ಜ್ ಕೆಪಾಸಿಟಿ 28,000 ಎಂದಿದ್ದರೆ, ಮೂಲ ಸಾಮರ್ಥ್ಯದಲ್ಲಿ ಶೇ. 56ರಷ್ಟು ಮಾತ್ರ ಉಳಿದಿದೆ ಎಂದರ್ಥ. ಹೊಸ ಬ್ಯಾಟರಿಯ ಬೆಲೆಯನ್ನು ಕಳೆದೇ ದರ ಮಾತಾಡಿ. ಸಾಮರ್ಥ್ಯ ಕುಗ್ಗುವುದಕ್ಕಿಂತ ಬ್ಯಾಟರಿ ಉಬ್ಬುವುದು ಗಂಭೀರ. ಮುಚ್ಚಿದ ಲ್ಯಾಪ್‌ಟಾಪನ್ನು ಮಟ್ಟಸವಾದ ಮೇಜಿನ ಮೇಲಿಟ್ಟಾಗ ಅದು ಅಲುಗಾಡಿದರೆ, ಟಚ್‌ಪ್ಯಾಡ್ ಒಂದು ಅಂಚಿನಲ್ಲಿ ಎದ್ದಿದ್ದು ಒತ್ತಿದರೆ ಕ್ಲಿಕ್ ಆಗದಿದ್ದರೆ, ಒಳಗಿನ ಲಿಥಿಯಂ ಬ್ಯಾಟರಿಯಲ್ಲಿ ಅನಿಲ ತುಂಬಿಕೊಂಡಿರಬಹುದು. ಅಂಥದ್ದನ್ನು ಚಾರ್ಜ್‌ಗೆ ಹಾಕಬೇಡಿ, ಒತ್ತಿ ಸರಿಮಾಡಲು ಹೋಗಬೇಡಿ. ಅದು ಹೊತ್ತಿಕೊಳ್ಳುವ ವಸ್ತು.

‘ಎರಡು ವರ್ಷವೂ ಬಳಸಿಲ್ಲ’ ಎಂಬ ಮಾತನ್ನು ಪರೀಕ್ಷಿಸಲು ಡಿಸ್ಕ್ ನೆರವಾಗುತ್ತದೆ. ತಾನು ಎಷ್ಟು ಗಂಟೆ ಚಾಲನೆಯಲ್ಲಿತ್ತು ಎಂಬ ಲೆಕ್ಕವನ್ನು ಅದು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಕಾಣಬಹುದು. ಎರಡು ವರ್ಷವೆಂದರೆ ಒಟ್ಟು 17,520 ಗಂಟೆ. ಡಿಸ್ಕ್ 15,000 ಗಂಟೆ ತೋರಿಸಿದರೆ, ಯಂತ್ರ ಹೆಚ್ಚುಕಡಿಮೆ ಹಗಲಿರುಳೂ ಓಡಿದೆ ಇಲ್ಲವೇ ವಯಸ್ಸನ್ನು ಮುಚ್ಚಿಟ್ಟಿದ್ದಾರೆ. ಸಂಖ್ಯೆ ಕಡಿಮೆಯಿದ್ದ ಮಾತ್ರಕ್ಕೆ ನೆಮ್ಮದಿ ಬೇಡ, ಡಿಸ್ಕ್ ಮಾತ್ರ ಹೊಸದಾಗಿರಬಹುದು.

ಪ್ರಶ್ನೆ: ಐ7 ಪ್ರೊಸೆಸರ್ ಇರುವ ಹಳೆಯ ಲ್ಯಾಪ್‌ಟಾಪ್, ಐ5 ಇರುವುದಕ್ಕಿಂತ ಅಗ್ಗವಾಗಿ ಸಿಗುತ್ತಿದೆ. ಇದು ಹೇಗೆ ಸಾಧ್ಯ?

ಉತ್ತರ: ಐ7 ಎಂಬುದರ ನಂತರ ಬರುವ ಸಂಖ್ಯೆಯನ್ನು ಓದಿ. 2013ರ ಐ7-4600ಯು ನಾಲ್ಕನೆಯ ತಲೆಮಾರಿನದು, ಅದರಲ್ಲಿರುವುದು ಎರಡೇ ಕೋರ್ (ಲೆಕ್ಕ ಮಾಡುವ ಘಟಕ). 2017ರ ಐ5-8250ಯು ಎಂಟನೆಯ ತಲೆಮಾರಿನದು, ಅದರಲ್ಲಿ ನಾಲ್ಕು ಕೋರ್‌ಗಳಿವೆ. ಹೆಸರಿನಲ್ಲಿ ಐ7 ಇದ್ದರೂ ಹಳೆಯ ತಲೆಮಾರಿನದಾದ್ದರಿಂದಲೇ ಅದು ಅಗ್ಗವಾಗಿ ಸಿಗಬಹುದು. ಜಾಹೀರಾತಿನಲ್ಲಿ ಬರೀ ಐ7 ಎಂದಷ್ಟೇ ಬರೆದಿದ್ದರೆ ಪೂರ್ತಿ ಮಾದರಿ ಸಂಖ್ಯೆಯನ್ನು ಕೇಳಿ ಪಡೆಯಿರಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಯಂತ್ರದಲ್ಲಿರಬೇಕು, ಇಂಟೆಲ್ ಆದರೆ, ಒಂದೆರಡು ಅಪವಾದ ಬಿಟ್ಟು, ಎಂಟನೆಯ ತಲೆಮಾರು ಅಥವಾ ಅದರ ನಂತರದ್ದಾಗಿರಬೇಕು. ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿ ಮಾರುವವರೂ ಇರುವುದರಿಂದ, ಪರದೆಯ ಮೇಲೆ ಅದು ಕಾಣಿಸಿತೆಂದು ಯಂತ್ರ ಅದಕ್ಕೆ ಅರ್ಹ ಎಂದುಕೊಳ್ಳಬೇಡಿ.

ಪ್ರಶ್ನೆ: ಕೊಂಡ ಲ್ಯಾಪ್‌ಟಾಪ್‌ನಲ್ಲಿ ಹಿಂದಿನವರ ಫೈಲುಗಳು ಹಾಗೆಯೇ ಇವೆ. ಅಳಿಸಿ ಬಳಸಿದರೆ ಸಾಕೇ?

ಉತ್ತರ: ಫೈಲುಗಳನ್ನಷ್ಟೇ ಅಳಿಸಿದರೆ ಸಾಲದು. ಅದರಲ್ಲಿ ಏನೇನು ತಂತ್ರಾಂಶಗಳಿವೆಯೋ ನಿಮಗೆ ತಿಳಿಯದು; ಆದ್ದರಿಂದ ಅದರಲ್ಲಿ ಇಮೇಲನ್ನಾಗಲೀ ಬ್ಯಾಂಕ್ ಖಾತೆಯನ್ನಾಗಲೀ ಇನ್ನೂ ತೆರೆಯಬೇಡಿ. ನಂಬಿಕೆಯ ಬೇರೊಂದು ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ತಾಣದಿಂದ ಪೆನ್‌ಡ್ರೈವ್‌ಗೆ ವಿಂಡೋಸ್ ಇಳಿಸಿಕೊಂಡು, ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ಹಾಕಿ. ಆದರೆ ಅದಕ್ಕೂ ಮೊದಲು ಒಂದು ವಿಷಯ: ಆ ಫೈಲುಗಳು ನಿಮಗೆ ಮಾರಿದವರವೇ ಎಂದು ಅವರನ್ನೇ ಕೇಳಿ. ಅವು ಬೇರೆಯವರದ್ದಾಗಿದ್ದು, ಯಂತ್ರ ತಮ್ಮ ಕೈಗೆ ಹೇಗೆ ಬಂತೆಂದು ಅವರು ಸಮಾಧಾನಕರವಾಗಿ ಹೇಳದಿದ್ದರೆ, ಏನನ್ನೂ ಅಳಿಸದೆ, ವಾಪಸಾತಿಯ ಅವಧಿ ಮುಗಿಯುವುದರೊಳಗೆ ಮಾರಾಟ ತಾಣಕ್ಕೆ ದೂರು ಕೊಡಿ.