ತೊರೆಯ ಪಕ್ಕ ಗೋಡೆ ಕಟ್ಟುವುದನ್ನು ವಾಟರ್ ಡಿಸ್ಟ್ರಿಕ್ಟ್ ತಡೆಯಬಹುದೇ?

ಕ್ಯಾಲಿಫೋರ್ನಿಯಾದಲ್ಲಿ ಹಿತ್ತಲಿನ ತೊರೆಯ ದಡಕ್ಕೆ ತಡೆಗೋಡೆ ಕಟ್ಟಿದರೆ ವಾಟರ್ ಡಿಸ್ಟ್ರಿಕ್ಟ್ ತಡೆಯಬಹುದೇ ಎಂದು ಕೇಳಿದ್ದೀರಿ. ತಡೆಯಬಹುದು, ಆದರೆ ಎಲ್ಲ ಕಡೆ ಅಲ್ಲ.

ವಾಟರ್ ಡಿಸ್ಟ್ರಿಕ್ಟ್ ಅಂದರೆ ಸುಮ್ನೆ ನೀರು ಮಾರುವ ಕಂಪನಿಯಲ್ಲ, ಸ್ಥಳೀಯ ಸರ್ಕಾರಿ ಸಂಸ್ಥೆ. ರಾಜ್ಯದ ಕಾನೂನು ಎಷ್ಟು ಅಧಿಕಾರ ಕೊಟ್ಟಿದೆಯೋ ಅಷ್ಟೇ ಅದರ ಕೈಯಲ್ಲಿರುತ್ತದೆ. ಕಟ್ಟಡದ ಪರವಾನಗಿ ಕೊಡುವುದು ನಗರಾಡಳಿತ ಅಥವಾ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ).

ಕ್ಯಾಲಿಫೋರ್ನಿಯಾದಲ್ಲೇ ಇರುವ ಸಾಂಟಾ ಕ್ಲಾರಾ ಕಣಿವೆಯ ಕಥೆ ನೋಡಿ. ಅಲ್ಲಿನ ವಾಟರ್ ಡಿಸ್ಟ್ರಿಕ್ಟಿನ 1983ರ ನಿಯಮದ ಪ್ರಕಾರ, ತೊರೆಯ ದಡದಿಂದ 50 ಅಡಿಯೊಳಗೆ ಏನು ಕಟ್ಟಿದರೂ ಡಿಸ್ಟ್ರಿಕ್ಟಿನ ಒಪ್ಪಿಗೆ ಬೇಕಿತ್ತು, ಜಾಗ ನಿಮ್ಮದೇ ಆಗಿದ್ದರೂ. 2006ರಲ್ಲಿ ಅದನ್ನು ಬದಲಿಸಿದರು. ಈಗ ಡಿಸ್ಟ್ರಿಕ್ಟಿನ ಸ್ವಂತ ಜಾಗ ಅಥವಾ ಅದಕ್ಕೆ ಬಳಕೆ ಹಕ್ಕಿರುವ ಜಾಗ ಮುಟ್ಟಿದರೆ ಮಾತ್ರ ಅದರ ಪರವಾನಗಿ ಬೇಕು. ಉಳಿದದ್ದನ್ನು ನಗರಗಳೇ ನೋಡಿಕೊಳ್ಳುತ್ತವೆ. ನನಗೆ ಇದೇ ಸರಿ ಅನಿಸುತ್ತದೆ, ಒಂದು ಗೋಡೆಗೆ ಎರಡು ಕಚೇರಿ ಸುತ್ತುವುದು ಯಾರಿಗೆ ಬೇಕು, ಅಲ್ವಾ?

ಆದರೆ ಇಷ್ಟಕ್ಕೇ ಮುಗಿಯಲಿಲ್ಲ. ಗೋಡೆ ತೊರೆಯನ್ನು ಕಿರಿದು ಮಾಡಿದರೆ ನೀರಿನ ವೇಗ ಜಾಸ್ತಿಯಾಗಿ ಎದುರು ದಡ ಕೊರೆಯಬಹುದು. ಹಾಗಾಗಿ ತೊರೆಯ ಪಾತ್ರ ಅಥವಾ ದಡವನ್ನು ಗಣನೀಯವಾಗಿ ಬದಲಿಸುವ ಮುನ್ನ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಗೆ ತಿಳಿಸಬೇಕು (ರಾಜ್ಯದ ಮೀನು ಮತ್ತು ಬೇಟೆ ಕಾನೂನಿನ ಸೆಕ್ಷನ್ 1602). ನೀರಿಗೆ ಮಣ್ಣು, ಕಲ್ಲು ತುಂಬುವುದಾದರೆ ಫೆಡರಲ್ ಶುದ್ಧ ನೀರಿನ ಕಾನೂನಿನ (ಕ್ಲೀನ್ ವಾಟರ್ ಆಕ್ಟ್) ಸೆಕ್ಷನ್ 404ರಡಿ ಆರ್ಮಿ ಕೋರ್‌ನ (ಅಮೆರಿಕ ಸೇನೆಯ ಎಂಜಿನಿಯರ್‌ಗಳ ವಿಭಾಗ) ಪರವಾನಗಿಯೂ ಬೇಕಾಗಬಹುದು.

ಮೊದಲು ನಿಮ್ಮ ಜಾಗದ ಕಾಗದಪತ್ರ ತೆಗೆದು, ಡಿಸ್ಟ್ರಿಕ್ಟಿಗೆ ಬಳಕೆ ಹಕ್ಕು ಬರೆದುಕೊಟ್ಟಿದೆಯೇ ನೋಡಿ.