ಓದುಗರ ಪ್ರಶ್ನೆಗಳಿಗೆ ಉತ್ತರ: ದನಿಯೂ ಅವಳದೇ, ರಾಗವೂ ಅವಳದೇ

ಪ್ರಶ್ನೆ: ಕನ್ನಡದಲ್ಲಿ ಹಾಡುವ ಹೆಣ್ಣುಮಕ್ಕಳಿಗೆ ಎಂದೂ ಕೊರತೆಯಿರಲಿಲ್ಲ. ಹೀಗಿರುವಾಗ ‘ಮಹಿಳೆಯರ ಇಂಡೀ ಹಾಡುಗಳು’ (ಸಿನಿಮಾ, ದೊಡ್ಡ ಕಂಪನಿಗಳ ಹಂಗಿಲ್ಲದೆ ಸ್ವತಂತ್ರವಾಗಿ ಹೊರತರುವ ಹಾಡುಗಳು) ಎಂದು ಪ್ರತ್ಯೇಕವಾಗಿ ಗುರುತಿಸುವುದೇಕೆ? ಹೊಸದಾಗಿ ಕೇಳಬಯಸುವವರು ಯಾರಿಂದ ಆರಂಭಿಸಬೇಕು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹಾಡುವವರಿಗೆ ಕೊರತೆಯಿರಲಿಲ್ಲ ಎಂಬ ನಿಮ್ಮ ಮಾತು ನಿಜ. ಕೊರತೆಯಿದ್ದದ್ದು ರಾಗ ಸಂಯೋಜಿಸುವ ಹೆಣ್ಣುಮಕ್ಕಳದು. ಚಿತ್ರಗೀತೆಯಾಗಲಿ, ಭಾವಗೀತೆಯ ಧ್ವನಿಸುರುಳಿಯಾಗಲಿ, ಕಂಠ ಹೆಣ್ಣಿನದಾದರೂ ಸಂಯೋಜನೆ ಬಹುಮಟ್ಟಿಗೆ ಗಂಡಸರ ಕೈಯಲ್ಲೇ ಇತ್ತು. ಯಾವ ಕವಿತೆಯನ್ನು ಆರಿಸಬೇಕು, ಯಾವ ಶ್ರುತಿಯಲ್ಲಿ ಹಾಡಬೇಕು, ಹಿನ್ನೆಲೆಯಲ್ಲಿ ಯಾವ ವಾದ್ಯವಿರಬೇಕು, ಎಲ್ಲಿ ಏನೂ ನುಡಿಸದೆ ಬಿಡಬೇಕು ಎಂಬುದನ್ನೆಲ್ಲ ಹಾಡುವವಳೇ ತೀರ್ಮಾನಿಸುವ ಅವಕಾಶ ಇಂಡೀ ಸಂಗೀತದಲ್ಲಿ ದೊರೆತಿದೆ. ನಾನು ಈ ಹಾಡುಗಳಿಗೆ ಬೆಲೆ ಕೊಡುವುದು ಈ ಕಾರಣಕ್ಕಾಗಿ.

ಬೆಂಗಳೂರಿನ ವಾರಿಜಶ್ರೀ ವೇಣುಗೋಪಾಲ್ ಅವರಿಂದ ಆರಂಭಿಸಿ. ಕರ್ನಾಟಕ ಸಂಗೀತದಲ್ಲಿ ನುರಿತ ಗಾಯಕಿಯೂ ಕೊಳಲುವಾದಕಿಯೂ ಆಗಿರುವ ಇವರ ‘ವಾರಿ’ ಆಲ್ಬಂ 2024ರಲ್ಲಿ ಬಂದಿತು; ಅದರ ನಿರ್ಮಾಪಕರು ಅಮೆರಿಕದ ಸ್ನಾರ್ಕಿ ಪಪ್ಪಿ ಎಂಬ ಸಂಗೀತ ತಂಡದ ಮೈಕಲ್ ಲೀಗ್. ಮಾತುಗಳಿಲ್ಲದೆಡೆ ಕಂಠವೇ ವಾದ್ಯವಾಗುವಾಗಲೂ ಅದರೊಳಗಿನ ಗಮಕ, ಅಂದರೆ ಸ್ವರದ ಬಳುಕು, ನಮ್ಮದೇ ಎಂದು ಕಿವಿಗೆ ಕೂಡಲೇ ತಿಳಿಯುತ್ತದೆ. ಇಂಗ್ಲೆಂಡಿನ ಸಂಗೀತಗಾರ ಜೇಕಬ್ ಕೋಲಿಯರ್ ಮತ್ತು ಸಿತಾರ್ ವಾದಕಿ ಅನುಷ್ಕಾ ಶಂಕರ್ ಅವರೊಂದಿಗೆ ಹಾಡಿದ ಒಂದು ಹಾಡಿಗಾಗಿ ಅವರು ಅಮೆರಿಕದ ಸಂಗೀತ ಪ್ರಶಸ್ತಿಯಾದ ಗ್ರ್ಯಾಮಿಯ 2025ರ ನಾಮನಿರ್ದೇಶನವನ್ನೂ ಪಡೆದರು. ಅನಂತರ ಗಾಯಕಿ ಬಿಂದುಮಾಲಿನಿ ಅವರನ್ನು ಕೇಳಿ. ‘ನಾತಿಚರಾಮಿ’ ಚಿತ್ರಕ್ಕೆ ಸಂಗೀತ ನೀಡಿದವರೂ, ಅದೇ ಚಿತ್ರದ ‘ಮಾಯಾವಿ ಮನವೆ’ ಹಾಡಿಗೆ 2018ನೇ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕಿ ರಾಷ್ಟ್ರಪ್ರಶಸ್ತಿ ಪಡೆದವರೂ ಅವರೇ. ಅದಕ್ಕೂ ಮೊದಲು ವೇದಾಂತ್ ಭಾರದ್ವಾಜ್ ಅವರ ಜೊತೆಗೂಡಿ ಕಬೀರನ ಪದಗಳನ್ನು ಹಾಡಿದ ‘ಸುನೋ ಭಾಯಿ’ ಆಲ್ಬಂ ಬಂದಿತ್ತು. ನನ್ನ ಮಟ್ಟಿಗೆ ಅವರ ಕಂಠದ ಸಹಜ ಸ್ವರೂಪ ತಿಳಿಯುವುದು ಸಿನಿಮಾ ಹಾಡುಗಳಿಗಿಂತ ಹೆಚ್ಚಾಗಿ ಅಲ್ಲಿಯೇ.

ಉರ್ದು ಭಾಷೆ ಅಡ್ಡಿಯಾಗದಿದ್ದರೆ ಪಾಕಿಸ್ತಾನಿ ಮೂಲದ ಗಾಯಕಿ ಅರೂಜ್ ಆಫ್ತಾಬ್ ಅವರ ‘ಮೊಹಬ್ಬತ್’ ಕೇಳಿ. ಮೆಹದಿ ಹಸನ್ ಹಾಡಿ ಹೆಸರಾಗಿಸಿದ್ದ ಹಫೀಜ್ ಹೋಶಿಯಾರ್‌ಪುರಿಯವರ ಗಜಲ್‌ಗೆ ಅವರು ಹೊಸದಾಗಿಯೇ ಸಂಗೀತ ಕಟ್ಟಿದರು. ಅದು 2022ರಲ್ಲಿ ಗ್ರ್ಯಾಮಿ ಪಡೆಯಿತು. ಹಳೆಯ ಗಾಯನವನ್ನು ಅನುಕರಿಸದೆ ಗೌರವಿಸುವುದು ಹೇಗೆಂಬುದನ್ನು ಆ ಹಾಡಿನಿಂದ ಕಲಿಯಬಹುದು.

ಪ್ರಶ್ನೆ: ನನ್ನ ಮಗಳು ಬೇಂದ್ರೆಯವರ ಕವಿತೆಯೊಂದಕ್ಕೆ ತಾನೇ ರಾಗ ಹಾಕಿದ್ದಾಳೆ. ಅದನ್ನು ಆ್ಯಪ್‌ಗಳಲ್ಲಿ ಬಿಡುಗಡೆ ಮಾಡಲು ಅನುಮತಿ ಬೇಕೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಬೇಕು. ನಮ್ಮ ದೇಶದಲ್ಲಿ ಕವಿಯ ಹಕ್ಕುಸ್ವಾಮ್ಯವು ಆತ ತೀರಿಕೊಂಡ ಮರುವರ್ಷದಿಂದ 60 ವರ್ಷಗಳ ಕಾಲ ಉಳಿಯುತ್ತದೆ. ಬೇಂದ್ರೆಯವರು 1981ರಲ್ಲಿ ನಿಧನರಾದ್ದರಿಂದ ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೆ ಇರುತ್ತದೆ. ಕುವೆಂಪು ಅವರದು 2054ರವರೆಗೆ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ. ಅವರ ಕವಿತೆಗಳಿಗೆ ಈ ತೊಡಕಿಲ್ಲ. ಅಕ್ಕಮಹಾದೇವಿಯ ವಚನಗಳಿಗೂ ದಾಸರ ಪದಗಳಿಗೂ ಯಾರ ಅನುಮತಿಯೂ ಬೇಡ, ಆದರೆ ಅವಕ್ಕೆ ಇತ್ತೀಚಿನ ಸಂಯೋಜಕರು ಹಾಕಿದ ರಾಗಗಳಿಗೆ ಬೇರೆಯೇ ಹಕ್ಕಿರುತ್ತದೆ ಎಂಬುದನ್ನು ಮರೆಯಬಾರದು. ಕವಿಯ ವಾರಸುದಾರರಿಂದ ಅಥವಾ ಹಕ್ಕುದಾರರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಬಾಯಿಮಾತಿನ ಒಪ್ಪಿಗೆಯನ್ನು ನೆಚ್ಚಬೇಡಿ.

ನೀವು ಕೇಳದಿದ್ದರೂ ಇನ್ನೊಂದು ಮಾತು ಹೇಳಲೇಬೇಕು. ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ವಿತರಣಾ ಸಂಸ್ಥೆಯ ಅರ್ಜಿಯಲ್ಲಿ ಗಾಯಕಿ, ಸಂಯೋಜಕಿ, ಗೀತರಚನಕಾರ ಎಂಬ ಅಂಕಣಗಳು ಬೇರೆಬೇರೆಯಾಗಿರುತ್ತವೆ. ಅನೇಕ ಹುಡುಗಿಯರು ಮೊದಲನೆಯದನ್ನಷ್ಟೇ ತುಂಬಿ, ಉಳಿದದ್ದನ್ನು ಸ್ಟುಡಿಯೋದವರಿಗೆ ಬಿಟ್ಟುಬಿಡುತ್ತಾರೆ. ರಾಗ ಆಕೆಯದಾದರೆ ಸಂಯೋಜಕಿಯ ಹೆಸರೂ ಆಕೆಯದೇ ಆಗಿರಬೇಕು, ಏಕೆಂದರೆ ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ಅನಂತರ ನಮ್ಮ ಕಾನೂನು ಗೀತರಚನಕಾರರಿಗೂ ಸಂಯೋಜಕರಿಗೂ ರಾಯಧನದಲ್ಲಿ (ರಾಯಲ್ಟಿಯಲ್ಲಿ), ಹಕ್ಕು ಪಡೆದ ಕಂಪನಿಯೊಂದಿಗೆ, ಬಿಟ್ಟುಕೊಡಲಾಗದ ಸಮಪಾಲನ್ನು ನೀಡಿದೆ. ಆ ಹಣವನ್ನು ಸಂಗ್ರಹಿಸುವ ಐಪಿಆರ್‌ಎಸ್ ಸಂಸ್ಥೆಯಲ್ಲಿ ಆಕೆ ಸಂಯೋಜಕಿಯಾಗಿ ಸದಸ್ಯತ್ವ ಪಡೆಯಲಿ.

ಪ್ರಶ್ನೆ: ಎಲ್ಲಮ್ಮನ ಪದಗಳನ್ನು ನಗರದ ಗಾಯಕಿಯರು ವೇದಿಕೆಗಳಲ್ಲಿ ಹಾಡುವುದು ಸರಿಯೇ?
– ಓದುಗರೊಬ್ಬರು, ಬೆಳಗಾವಿ

ಉತ್ತರ: ಯಾರಿಂದ ಕಲಿತರು, ಕಲಿಸಿದವರಿಗೆ ಏನು ಸಂದಿತು ಎಂಬುದರ ಮೇಲೆ ಅದು ನಿಂತಿದೆ. ಅರ್ಬನ್ ಫೋಕ್ ಪ್ರಾಜೆಕ್ಟ್‌ನ ಗಾಯಕಿ ಶಿಲ್ಪಾ ಮುಡಬಿ ಚೌಡಿಕೆಯೆಂಬ ಒಂಟಿತಂತಿ ವಾದ್ಯ ಹಿಡಿದು ಹಾಡುವಾಗ ಆ ಪದಗಳ ಹಿಂದಿರುವ ಎಲ್ಲಮ್ಮನ ಸೇವೆಗೆ ಮುಡಿಪಾದ ಜೋಗತಿಯರ ಬದುಕನ್ನೂ ಕೇಳುಗರ ಮುಂದೆ ಇಡುತ್ತಾರೆ. ಮೂಲ ಗಾಯಕಿಯರ ಹೆಸರು ಹೇಳದೆ, ‘ಜನಪದ’ ಎಂದಷ್ಟೇ ಬರೆದು ಮುಗಿಸುವ ಧ್ವನಿಮುದ್ರಿಕೆಗಳನ್ನು ನಾನು ಒಪ್ಪಲಾರೆ. ಮಂಜಮ್ಮ ಜೋಗತಿಯವರಂಥ ಕಲಾವಿದೆ ಪದ್ಮಶ್ರೀ ಪಡೆದ ನಾಡಿನಲ್ಲಿ ಹಾಡಿದವರ ಹೆಸರು ತಿಳಿಯದು ಎಂಬ ನೆಪ ಸಲ್ಲದು.

ಪ್ರಶ್ನೆ: ನಾವು ಮೊಬೈಲಿನಲ್ಲಿ ಹಾಡು ಕೇಳಿದರೆ ಕಲಾವಿದೆಗೆ ನಿಜಕ್ಕೂ ಹಣ ಸೇರುತ್ತದೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಬಹಳ ಕಡಿಮೆ. 2024ರಿಂದ ಸ್ಪಾಟಿಫೈಯಲ್ಲಿ ಒಂದು ಹಾಡು ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಬಾರಿ ಕೇಳಲ್ಪಡದಿದ್ದರೆ ಆ ಧ್ವನಿಮುದ್ರಣಕ್ಕೆ ರಾಯಧನವೇ ದೊರೆಯುವುದಿಲ್ಲ. ಹಾಗಾಗಿ ಕನ್ನಡದ ಹೊಸ ಗಾಯಕಿಯೊಬ್ಬಳಿಗೆ ಆ ಸಾವಿರದ ಗಡಿ ದಾಟುವವರೆಗೆ ಒಬ್ಬೊಬ್ಬ ಕೇಳುಗನೂ ಮುಖ್ಯ. ಕಲಾವಿದರೇ ತಮ್ಮ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ ಆಲ್ಬಂ ಕೊಂಡರೆ ಸ್ಥಿತಿ ಬೇರೆ: ಅಲ್ಲಿ ಡಿಜಿಟಲ್ ಮಾರಾಟದ ಮೇಲೆ ಸಂಸ್ಥೆ ಸಾಮಾನ್ಯವಾಗಿ ತೆಗೆದುಕೊಳ್ಳುವ ಪಾಲು ಶೇ. 15, ಪಾವತಿ ಶುಲ್ಕ ಕಳೆದು ಉಳಿದದ್ದು ಕಲಾವಿದರಿಗೆ ಅಥವಾ ಅವರ ಲೇಬಲ್‌ಗೆ ಸೇರುತ್ತದೆ. ಇವೆರಡಕ್ಕಿಂತಲೂ ಒಳ್ಳೆಯದು, ಅವರ ಕಛೇರಿ ನಿಮ್ಮೂರಿಗೆ ಬಂದಾಗ ಪಾಸಿಗಾಗಿ ಕಾಯದೆ ಟಿಕೆಟ್ ಕೊಂಡು ಹೋಗುವುದು.