ದಿನಾ ಗೊಣಗಿದರೂ ಮನಸ್ಸು ಯಾಕೆ ಹಗುರಾಗುವುದಿಲ್ಲ?

ಗೊಣಗುವಾಗ ಬೇಸರ ಹೊರಗೆ ಹೋಗುವುದಿಲ್ಲ. ಅದನ್ನೇ ಮತ್ತೆ ಮತ್ತೆ ನೆನೆಯುತ್ತಿರುತ್ತೇವೆ, ಅದಕ್ಕೇ ಅದು ಆರುವುದಿಲ್ಲ.

ಕುಕ್ಕರ್‌ನ ಹಬೆ ಬಿಟ್ಟ ಹಾಗೆ ಸಿಟ್ಟೂ ಹೊರಗೆ ಹೋಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ, ಅಲ್ವಾ? ಅಮೆರಿಕದ ಮನಃಶಾಸ್ತ್ರಜ್ಞ ಬ್ರಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ಬಂದ ವಿದ್ಯಾರ್ಥಿಗಳಲ್ಲಿ ಕೆಲವರು ಸಿಟ್ಟು ಬರಿಸಿದವರನ್ನೇ ನೆನೆಯುತ್ತಾ ಬಾಕ್ಸಿಂಗ್ ಚೀಲಕ್ಕೆ ಗುದ್ದಿದರು. ಇನ್ನು ಕೆಲವರು ಸುಮ್ನೆ ಕೂತಿದ್ದರು. ಕೊನೆಗೆ ಗುದ್ದಿದವರಿಗೇ ಸಿಟ್ಟು ಜಾಸ್ತಿ ಇತ್ತು.

ಹಾಗಿದ್ದರೂ ಬಿಡಲು ಆಗುವುದಿಲ್ಲ. ಯಾಕೆಂದರೆ ಗೊಣಗಾಟ ಜನರನ್ನು ಹತ್ತಿರ ತರುತ್ತದೆ. ಬಸ್ ತಡವಾದಾಗ ಗುರುತಿಲ್ಲದವರೂ ಮಾತಿಗೆ ಸಿಗುತ್ತಾರೆ. ಮಕ್ಕಳ ಗೆಳೆತನದ ಬಗ್ಗೆ ಮನಃಶಾಸ್ತ್ರಜ್ಞೆ ಅಮಾಂಡ ರೋಸ್ 2002ರಲ್ಲೇ ಬರೆದ ಅಧ್ಯಯನದಲ್ಲೂ ಇದೇ ಕಂಡಿತು. ಕಷ್ಟಗಳನ್ನೇ ಜೊತೆಯಾಗಿ ಕೆದಕುವವರಲ್ಲಿ ಗೆಳೆತನ ಗಾಢವಾಗಿತ್ತು, ಆದರೆ ಮಂಕು, ಆತಂಕವೂ ಹೆಚ್ಚಿದ್ದವು.

ಹೇಳಿಕೊಳ್ಳುವುದೇ ತಪ್ಪು ಅಂತಲ್ಲ. ಸರಿಮಾಡಬಲ್ಲವರಿಗೆ ಹೇಳಿದರೆ ಅದು ದೂರು, ಅದಕ್ಕೆ ಕೆಲಸ ಆಗುವ ದಾರಿ ಇದೆ. ಬೀದಿ ದೀಪ ಕೆಟ್ಟಿದೆಯಾ? ಪಕ್ಕದ ಮನೆಯವರ ಜೊತೆ ವಾರಗಟ್ಟಲೆ ಬೈಯುವ ಬದಲು, ಅವರನ್ನೂ ಕರೆದುಕೊಂಡು ಪಂಚಾಯಿತಿಗೋ ಪಾಲಿಕೆಗೋ ಒಂದು ಅರ್ಜಿ ಕೊಡಿ.